ಕಾವಲು ಪೆಟ್ಟಿಗೆಯ ಕೊನೆಯ ದಿನ

ಒಂದೇ ಬೆಳಗಿನಲ್ಲಿ ನಲವತ್ತು ಸಾವಿರ ಕಳ್ಳರನ್ನು ಹಿಡಿದ ಹಾಸಿಗೆ ಕಂಪನಿ ಈ ಭೂಮಂಡಲದಲ್ಲಿ ನಮ್ಮದೊಂದೇ. ಅದೂ ಯಾರೂ ಕುರ್ಚಿ ಬಿಟ್ಟು ಏಳದೆ. ಅದರ ಗೋದಾಮು ನೋಡಿಕೊಳ್ಳುವವನು ನಾನು. ನಾನು ಹೇಳಿದ ಮೇಲೆ ಮುಗಿಯಿತು. ಎದ್ದವನು ಒಬ್ಬನೇ, ನಮ್ಮ ವೈರಣ್ಣ. ಎದ್ದವನು ಮತ್ತೆ ಕೂರಲಿಲ್ಲ.

ಆಫೀಸಿನ ಕಂಪ್ಯೂಟರುಗಳನ್ನೂ ಅವುಗಳ ನಡುವಿನ ವೈರುಗಳನ್ನೂ ನೋಡಿಕೊಳ್ಳುವುದು ಅವನ ಕೆಲಸ. ಅವನಿಗೆ ಬೇರೆ ಹೆಸರೊಂದಿತ್ತಂತೆ, ಅದನ್ನು ಹೆತ್ತ ತಾಯಿಯೂ ಮರೆತಿದ್ದಳು. ಹೋದ ತಿಂಗಳು ಮ್ಯಾನೇಜರು ಪರೀಕ್ಷೆಗೆಂದು ಒಂದು ಪೆಟ್ಟಿಗೆ ತರಿಸಿದರು. ವೈರುಗಳಲ್ಲಿ ಹೋಗಿಬರುವುದನ್ನೆಲ್ಲ ಮೂಸಿ ನೋಡಿ, ಹೊರಗಿನವರು ಯಾರಾದರೂ ನಮ್ಮ ಕಂಪ್ಯೂಟರುಗಳೊಳಗೆ ನುಗ್ಗಿದರೆ ಕೂಗಿಕೊಳ್ಳುವ ಯಂತ್ರ. ಅದು ಕೂಗುವುದು ನನ್ನ ಗೋದಾಮಿನಲ್ಲಿ. ಜೊತೆಗೇ ವೈರಣ್ಣನ ಫೋನೂ ಬಡಿದುಕೊಳ್ಳುತ್ತಿತ್ತು, ಹಗಲೆನ್ನದೆ ರಾತ್ರಿಯೆನ್ನದೆ. ಪೆಟ್ಟಿಗೆ ಬಂದಂದಿನಿಂದ ಅವನು ಕಣ್ಣು ಮುಚ್ಚಿದ್ದು ಮುಖಕ್ಕೆ ಸೋಪು ಹಚ್ಚಿದಾಗ ಮಾತ್ರ. ಅವನ ಹೆಂಡತಿ ಆ ಫೋನಿಗೆ ಸವತಿ ಎಂದು ಹೆಸರಿಟ್ಟು, ಇಬ್ಬರ ನಡುವೆ ಅದಕ್ಕೂ ಒಂದು ದಿಂಬು ಹಾಕುತ್ತಿದ್ದಳು.

ಅಂದು ಪರೀಕ್ಷೆಯ ಕೊನೆಯ ದಿನ.

"ಸಂಜೆ ತೀರ್ಮಾನ ಮಾಡ್ತೀನಿ," ಎಂದರು ಬೆಳಿಗ್ಗೆ ಗೋದಾಮಿಗೆ ಬಂದ ಮ್ಯಾನೇಜರು. "ಇಟ್ಕೊಳ್ಳೋದಾ, ವಾಪಸ್ ಕಳಿಸೋದಾ ಅಂತ. ಬೆಲೆ ನೆನೆಸ್ಕೊಂಡ್ರೆ ಎದೆ ಹಿಡ್ಕೊಳ್ಳುತ್ತೆ. ಆದ್ರೆ ಕಳ್ಳ ಬಂದ್ರೆ?"

"ಬರದಿದ್ರೆ?" ಎಂದರು ಲೆಕ್ಕ ನೋಡುವ ಅಕ್ಕ.

"ಬರದಿದ್ರೆ ದಂಡ."

"ಹಾಗಂತ ಕಳ್ಳ ಬರ್ಲಪ್ಪಾ ಅಂತ ಕಾಯೋಕಾಗುತ್ತಾ ಸಾರ್?"

ವೈರಣ್ಣ ಬಾಯಿ ಬಿಡಲಿಲ್ಲ. ಬಿಟ್ಟರೆ ಆಕಳಿಕೆ ಹೊರಬರುತ್ತಿತ್ತು. ಪೆಟ್ಟಿಗೆ ಹೋದರೆ ನಿದ್ದೆ, ಉಳಿದರೆ ಜೀವಮಾನವೆಲ್ಲ ಜಾಗರಣೆ. ಸುತ್ತ ಗೋಡೆಯೆತ್ತರಕ್ಕೆ ಹಾಸಿಗೆಗಳು, ನಡುವೆ ನಿದ್ದೆಯಿಲ್ಲದ ಮನುಷ್ಯ. ಬಾವಿಯಲ್ಲಿ ಬಿದ್ದು ಬಾಯಾರಿದವನಂತೆ ಕಾಣುತ್ತಿದ್ದ.

ಅಷ್ಟರಲ್ಲಿ ಪೆಟ್ಟಿಗೆ ಕೂಗಿತು. ಯಾರೋ ಬೀಗ ಒಡೆಯುತ್ತಿದ್ದಾರಂತೆ. ವೈರಣ್ಣ ಓಡಿದ. ತಮ್ಮ ಕೋಣೆಗೆ ಮರಳಿದ್ದ ಮ್ಯಾನೇಜರೇ ಪಾಸ್‌ವರ್ಡ್ ಮರೆತು, ನೆನಪಾದ ಹೆಸರನ್ನೆಲ್ಲ ಒತ್ತುತ್ತಿದ್ದರು.

ಮತ್ತೆ ಕೂಗಿತು. ಒಳಗೊಬ್ಬ ಒಂದೊಂದೇ ಬಾಗಿಲು ತಟ್ಟಿಕೊಂಡು ಹೋಗುತ್ತಿದ್ದಾನಂತೆ. ಅದು ಹೊಸ ಪ್ರಿಂಟರು. ಪಾಪ, ಮೊದಲ ದಿನ, ಉಳಿದ ಯಂತ್ರಗಳ ಪರಿಚಯ ಮಾಡಿಕೊಳ್ಳುತ್ತಿತ್ತು.

ಮೂರನೆಯದಕ್ಕೆ ಗೋಡೆಯ ಗಾರೆಯೇ ಉದುರಿತು. ಕಂಪನಿಯ ಗುಟ್ಟೆಲ್ಲ ವೈರಿನಲ್ಲಿ ಹೊರಗೆ ಸಾಗುತ್ತಿದೆಯಂತೆ. ಅಕ್ಕ ಮೊಮ್ಮಗಳ ಫೋಟೋಗಳನ್ನು ಬೀಗರಿಗೆ ಕಳಿಸುತ್ತಿದ್ದರು.

"ಎಷ್ಟು ಫೋಟೋ ಅಕ್ಕಾ?"

"ಹುಟ್ಟಿದಾಗಿಂದ ಇವತ್ತಿನವರೆಗೆ. ನಗೋ ಫೋಟೋ ನೋಡು, ನಿನ್ನ ಮುಖ ಸರಿಹೋಗುತ್ತೆ."

ವೈರಣ್ಣ ನೋಡಿದ. ಮಗು ನಿದ್ದೆ ಮಾಡುತ್ತಿದ್ದ ಫೋಟೋದ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತು.

ಪ್ರತಿಸಲವೂ ಅವನು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವರು ನಮ್ಮವರು, ಇದು ನಮ್ಮದು ಎಂದು ಕಲಿಸುತ್ತಿದ್ದ. ಅದು ಕಲಿತು ಮುಗಿಸುವಷ್ಟರಲ್ಲಿ ಇನ್ನೊಬ್ಬ ನಮ್ಮವನನ್ನು ಹಿಡಿಯುತ್ತಿತ್ತು.

ಊಟವಾದ ಮೇಲೆ ಮಾತ್ರ ಪೆಟ್ಟಿಗೆ ಗಪ್‌ಚುಪ್. ವೈರಣ್ಣನಿಗೆ ನಂಬಿಕೆಯಾಗಲಿಲ್ಲ, ನಾಡಿ ನೋಡುವವನ ಹಾಗೆ ಆಗಾಗ ಫೋನು ಮುಟ್ಟಿ ನೋಡಿದ.

"ಬುದ್ಧಿ ಬಂತು ಕಣೋ ಅದಕ್ಕೆ," ಎಂದೆ ನಾನು.

ಅವನ ಮುಖ ಸಪ್ಪಗಾಯಿತು. ಬುದ್ಧಿ ಬಂದ ಪೆಟ್ಟಿಗೆಯನ್ನು ಯಾರು ವಾಪಸ್ ಕಳಿಸುತ್ತಾರೆ? ಸೀದಾ ಮ್ಯಾನೇಜರ ಕೋಣೆಗೆ ಹೋದ.

"ಸಾರ್, ನಾನೇ ಕಳ್ಳನಾಗಿ ಹೊರಗಿಂದ ನುಗ್ತೀನಿ. ಕೂಗಿದ್ರೆ ಇಟ್ಕೊಳ್ಳಿ. ಕೂಗದಿದ್ರೆ ಕಳಿಸಿಬಿಡಿ."

"ಭೇಷ್," ಎಂದರು ಮ್ಯಾನೇಜರು.

ರಸ್ತೆಯಾಚೆಯ ಕ್ಷೌರದಂಗಡಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ವೈರಣ್ಣ ಕೂತ. ಸುಮ್ಮನೆ ಕೂರಲು ಬಿಡದೆ ಕ್ಷೌರಿಕ ಕೊರಳಿಗೆ ಬಟ್ಟೆ ಕಟ್ಟಿದ. ಅರ್ಧ ಗಡ್ಡ ಹೋಗುವಷ್ಟರಲ್ಲಿ ಕಳ್ಳತನ ಮುಗಿದಿತ್ತು. ಮ್ಯಾನೇಜರ ಕಂಪ್ಯೂಟರಿನ ಪರದೆ ತುಂಬ ದಪ್ಪ ಅಕ್ಷರದಲ್ಲಿ "ಬಂದಿದ್ದೆ, ಹೋದೆ" ಎಂದು ಮೂಡಿತು. ಪೆಟ್ಟಿಗೆ ಕಮಕ್ ಕಿಮಕ್ ಎನ್ನಲಿಲ್ಲ.

ಉಳಿದರ್ಧ ಗಡ್ಡದೊಂದಿಗೇ ಅವನು ಓಡಿಬಂದ. ತಿಂಗಳಲ್ಲಿ ಮೊದಲ ಬಾರಿಗೆ ನಗುತ್ತಿದ್ದ.

"ದಂಡದ ಪೆಟ್ಟಿಗೆ," ಎಂದರು ಮ್ಯಾನೇಜರು. "ಇವತ್ತೇ ಕಟ್ಟಿ ಕಳಿಸಿ. ವೈರಣ್ಣ, ನೀವು ಭಾರಿ ಆಸಾಮಿ ಕಣ್ರೀ. ಅಷ್ಟು ಬೆಲೆಯ ಯಂತ್ರದ ಕಣ್ಣಿಗೇ ಮಣ್ಣೆರಚಿದ್ರಿ."

"ಏನೋ ಸಾರ್, ತಮ್ಮ ದಯ."

"ಕಳ್ಳನ ದಾರಿ ಗೊತ್ತಿರೋರು ಮನೇಲೇ ಇದ್ದಾಗ ಯಂತ್ರ ಯಾಕೆ? ಇವತ್ತಿಂದ ರಾತ್ರಿ ಇಲ್ಲೇ ಕೂತು ನೀವೇ ಕಾಯಿರಿ. ಹಗಲು ಮಾಮೂಲಿ ಕೆಲಸ ಇದ್ದೇ ಇದೆ."

ವೈರಣ್ಣನ ನಗು ಗಡ್ಡದಂತೆಯೇ ಅರ್ಧಕ್ಕೆ ನಿಂತಿತು.

ಪೆಟ್ಟಿಗೆ ಕಟ್ಟಲು ಅವನೂ ಅಕ್ಕನೂ ಗೋದಾಮಿಗೆ ಬಂದರು. ಅಕ್ಕ ಅದನ್ನು ಎತ್ತಿದವರೇ ಹುಬ್ಬು ಗಂಟಿಕ್ಕಿದರು. ಪೆಟ್ಟಿಗೆಗೆ ವೈರೇ ಇರಲಿಲ್ಲ.

"ಇದರ ವೈರು ಕಿತ್ತೋರು ಯಾರು?"

"ಹೆಗ್ಗಣ," ಎಂದೆ. "ಕರುವಿನಷ್ಟು ದೊಡ್ಡದು. ನಾನೇ ಕಣ್ಣಾರೆ ಕಂಡೆ. ದೊಣ್ಣೆ ಹಿಡಿದು ಹೋರಾಡಿದೆ."

"ಹೆಗ್ಗಣ ವೈರು ಕಿತ್ತು, ನೀಟಾಗಿ ಸುತ್ತಿ, ನಿನ್ನ ಶರ್ಟಿನ ಪಕ್ಕ ಮೊಳೆಗೆ ನೇತುಹಾಕಿ ಹೋಯ್ತಾ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಗೆ ಆ ಹೊತ್ತಿನಲ್ಲಿ ಒಂದೇ ಒಂದು ಸುಳ್ಳೂ ಒದಗಲಿಲ್ಲ.

"ನಾನೇ ಕಿತ್ತೆ," ಎಂದೆ. "ಊಟ ಆದ್ಮೇಲೆ. ಕಿವಿ ಹರಿದುಹೋಗ್ತಿತ್ತು. ಒಂದು ಗಳಿಗೆ ಹಾಸಿಗೆ ಮೇಲೆ ಅಡ್ಡಾಗೋಣ ಅಂತ. ಮತ್ತೆ ಸಿಕ್ಕಿಸೋದು ಮರೆತೇಹೋಯ್ತು."

ವೈರಣ್ಣ ಬಯ್ಯಲಿಲ್ಲ. ಮೆಲ್ಲಗೆ ಒಂದು ಹಾಸಿಗೆಯ ತುದಿಯಲ್ಲಿ ಕುಳಿತ.

"ಸಾಹೇಬರಿಗೆ ಹೇಳಿಬಿಡೋಣ ಬಾ," ಎಂದರು ಅಕ್ಕ.

"ಹೇಳಿದ್ರೆ ಪೆಟ್ಟಿಗೆ ಇರುತ್ತೆ ಅಕ್ಕಾ. ಹೇಳದಿದ್ರೆ ರಾತ್ರಿಯೆಲ್ಲ ಇಲ್ಲಿ ನಾನಿರ್ತೀನಿ." ನನ್ನ ಕಡೆ ತಿರುಗಿದ. "ನಿದ್ದೆ ಬಂತಾ?"

"ಬಂತು," ಎಂದೆ. ಬೆಳಗಿನಿಂದ ನಾನು ಆಡಿದ್ದರಲ್ಲಿ ಒಂದಿಷ್ಟೂ ಉಪ್ಪುಖಾರ ಹಚ್ಚದ ಮಾತು ಅದು. "ಚೆನ್ನಾಗೇ ಬಂತು."