ಬಲೆಯ ಚೊಗರು, ದನದ ಹೊಟ್ಟೆ

"ಬೈಹುಲ್ಲು ಅಟ್ಟದಲ್ಲಿ ಉಂಟು, ಅನ್ನ ಪಾತ್ರೆಯಲ್ಲಿ ಉಂಟು." ಹೆಂಡತಿ ನನಗೆ ಕೊನೆಗೆ ಹೇಳಿದ್ದು ಇಷ್ಟೆ. ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಹೇಳಿದಳು. ಮತ್ತೆ ಮಾತಾಡಲಿಲ್ಲ.

ಅನ್ನ ಅವತ್ತೇ ಮುಗಿಯಿತು. ಬೈಹುಲ್ಲು ಮುಗಿಯಲಿಲ್ಲ. ನಾನು ಎರ್ಮಾಳಿನವನು, ದೋಣಿಯಲ್ಲಿ ಪ್ರಾಯ ಕಳೆದವನು. ಮೀನು ಗೊತ್ತು. ದನ ಅವಳದ್ದು, ಅದಕ್ಕೆ ನನ್ನ ಗುರ್ತವೇ ಇರಲಿಲ್ಲ. ಹಾಗಾಗಿ ಈಗ ಬೆಳಗಾದರೆ ನಮ್ಮ ದನದ ಹಟ್ಟಿಯಲ್ಲಿ ಎಂತಾದರೂ ಒಂದು ಆಗುತ್ತದೆ. ನನಗೆ ಅರ್ಥವಾಗುವ ಮೊದಲೇ ಊರು ನಕ್ಕಾಗಿರುತ್ತದೆ.

ಹೊಟ್ಟೆ ತುಂಬಿತ್ತು

ಅವಳು ಹೇಳಿದ ಹಾಗೆ ಬೈಹುಲ್ಲು ಹಾಕಿದೆ. ಭತ್ತದ ಆ ಒಣಹುಲ್ಲು ಮಾತ್ರ. ದನದ ಹೊಟ್ಟೆ ಡೋಲಿನ ಹಾಗೆ ಆಯಿತು. ನನಗೆ ಖುಷಿ. ಆದರೆ ಹಾಲು ಇಳಿಯುತ್ತಾ ಬಂತು.

ಡೈರಿಯವನು ಕ್ಯಾನಿನೊಳಗೆ ಬಗ್ಗಿ ನೋಡಿದ. "ಅಣ್ಣ, ಹಾಲು ಮನೆಯಲ್ಲಿ ಬಿಟ್ಟು ಬಂದ್ರಾ?"

"ಇದೇ ಹಾಲು."

ಪಕ್ಕದ ಮನೆಯ ಅಕ್ಕನಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಬೈಹುಲ್ಲು ಬರೀ ನಾರು ಅಲ್ವಾ ಅಣ್ಣ? ಬೇಗ ಕರಗುವುದಿಲ್ಲ, ಮೈಗೂ ಹತ್ತುವುದಿಲ್ಲ. ಹಗ್ಗ ತಿಂದರೆ ನಿಮಗೂ ಹೊಟ್ಟೆ ತುಂಬುತ್ತದೆ. ಸ್ವಲ್ಪ ಹಸಿರು ಹಾಕಿ."

ನಾನು ಆಲೋಚನೆ ಮಾಡಿದೆ. "ನಾನು ಮಾಡುವ ಅಡಿಗೆಯೂ ಹಾಗೇ ಆಗುತ್ತದೆ" ಎಂದೆ.

ಅವತ್ತಿನಿಂದ ಅವಳ ಮನೆಯಿಂದ ಮಧ್ಯಾಹ್ನ ಸಾರು ಬರುತ್ತದೆ. ದನಕ್ಕಲ್ಲ, ನನಗೆ.

ಎರಡೂ ಸರಿ

ಹಸಿರು ಎಂದರೆ ಎಂತ? ಹಿತ್ತಿಲಲ್ಲಿ ಹಲಸು ಉಂಟು, ಗೇರು ಉಂಟು. ಸೊಪ್ಪು ಕಡಿದು ರಾಶಿ ಹಾಕಿದೆ. ದನ ತಿಂದಿತು. ಆಮೇಲೆ ಸೆಗಣಿ ಗಟ್ಟಿಯಾಯಿತು, ಮೆಲುಕು ನಿಂತಿತು.

ಪೆರ್ಡೂರಿನಿಂದ ಮಗಳ ಫೋನು. "ಅಪ್ಪ, ಅಮ್ಮನ ದನವನ್ನು ನೀವು ಕೊಲ್ಲುತ್ತೀರಿ. ಆದಿತ್ಯವಾರ ಗಾಡಿ ಕಳುಹಿಸುತ್ತೇನೆ. ಅಷ್ಟರೊಳಗೆ ಮೆಲುಕು ಹಾಕಿದರೆ ಅಲ್ಲಿಯೇ ಇರಲಿ. ಇಲ್ಲದಿದ್ದರೆ ನಾವು ಸಾಕುತ್ತೇವೆ."

ಹೂಂ ಎಂದೆ. ಅದೂ ಹೋದರೆ ಮನೆಯಲ್ಲಿ ಉಸಿರಾಡುವುದು ನಾನೊಬ್ಬನೇ.

ಕಾಪುವಿನಿಂದ ದನದ ಡಾಕ್ಟರನ್ನು ಕರೆಸಿದೆ. ಸೊಪ್ಪಿನ ರಾಶಿ ನೋಡಿ, "ಇದರಲ್ಲಿ ಟ್ಯಾನಿನ್ ಉಂಟು, ಚೊಗರು, ಬಾಯಿಗೆ ಒಗರು ಒಗರಾಗುವಂಥದ್ದು. ಮೇವು ಕರಗಲಿಕ್ಕೆ ಬಿಡುವುದಿಲ್ಲ" ಎಂದರು.

"ಹಾಗಾದರೆ ಹಾಕಲೇಬಾರದಾ?"

"ಹಾಕಬಹುದು. ಸ್ವಲ್ಪ ಚೊಗರು ಒಳ್ಳೆಯದೇ."

"ಒಳ್ಳೆಯದಾ, ಕೆಟ್ಟದ್ದಾ?"

"ಎರಡೂ ಸರಿ. ಆಡಿಗಾದರೆ ಇದು ಅಷ್ಟು ತಾಗುವುದಿಲ್ಲ, ದನಕ್ಕೆ ತಾಗುತ್ತದೆ."

ನನ್ನ ಮುಖ ನೋಡಿ ಅವರಿಗೆ ಸಾಕಾಯಿತು. "ಮನೆಯಲ್ಲಿ ದನ ನೋಡುವುದು ಯಾರು?"

"ಹೆಂಡತಿ."

"ಅವರನ್ನು ಕರೆಯಿರಿ ಮಾರಾಯ್ರೆ, ಅವರಿಗೇ ಹೇಳುತ್ತೇನೆ."

ನಾನು ಗೋಡೆಯ ಫೋಟೋ ತೋರಿಸಿದೆ. ಹಾರ ಇತ್ತು. ಡಾಕ್ಟರು ದನವನ್ನು ಬಿಟ್ಟು ನನ್ನ ನಾಡಿ ಹಿಡಿದು ನೋಡಿದರು.

ಸಮುದ್ರಸ್ನಾನ

ಹೊರಡುವಾಗ ಅವರು ಇನ್ನೊಂದು ಹೇಳಿದರು. ಚರ್ಮ ಕೊಳೆಯದ ಹಾಗೆ ಹದ ಮಾಡುವುದೂ ಇದೇ ಚೊಗರಿನಿಂದ.

ಆಗ ನನ್ನ ತಲೆಗೆ ಹೋಯಿತು. ಅಪ್ಪನ ಕಾಲದಲ್ಲಿ ನಮ್ಮದು ಹತ್ತಿ ನೂಲಿನ ಬಲೆ. ಕೊಳೆಯಬಾರದು ಎಂದು ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಮುಳುಗಿಸುತ್ತಿದ್ದರು. ನಾನು ಆ ಚೊಗರನ್ನೇ ದನದ ಹೊಟ್ಟೆಗೆ ಹಾಕಿದ್ದೆ! ಹೆಚ್ಚಾದ ಚೊಗರನ್ನು ಅಪ್ಪ ಸಮುದ್ರದಲ್ಲಿ ತೊಳೆಯುತ್ತಿದ್ದರು. ಹಾಗಾದರೆ ಸೊಪ್ಪನ್ನೂ ತೊಳೆದರಾಯಿತು.

ಶನಿವಾರ ಸಂಜೆ ಹಲಸಿನ ಸೊಪ್ಪಿನ ಕಟ್ಟು ಹೊತ್ತು ಸೊಂಟದವರೆಗೆ ನೀರಿಗಿಳಿದೆ. ಮುಳುಗಿಸಿದೆ, ಎತ್ತಿದೆ, ಪುನಃ ಮುಳುಗಿಸಿದೆ. ತಿರುಗಿ ನೋಡಿದರೆ ದಡದಲ್ಲಿ ಮೀನಿನ ಹೆಂಗಸರು ಬುಟ್ಟಿ ಕೆಳಗಿಟ್ಟು ಕೈಮುಗಿದು ನಿಂತಿದ್ದಾರೆ. ಒಬ್ಬಳು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಾಳೆ. ಬಲೆ ಸರಿಮಾಡುತ್ತಿದ್ದ ಒಬ್ಬ ಚಪ್ಪಲಿ ಕಳಚಿದ್ದಾನೆ.

ಮೇಲೆ ಬಂದಾಗ ಅವನು ಮೆಲ್ಲಗೆ ಕೇಳಿದ, "ಅಣ್ಣ, ಅತ್ತಿಗೆಗೆ ಈ ಕ್ರಮ ಮಾಡಲಿಕ್ಕೆ ಯಾವ ಭಟ್ರು ಹೇಳಿದ್ದು?"

"ಭಟ್ರಲ್ಲ. ದನದ ಡಾಕ್ಟರು."

ಎಲ್ಲರಿಗಿಂತ ಜೋರಾಗಿ ನಕ್ಕದ್ದು ಆ ಅಳುತ್ತಿದ್ದವಳು.

ದನ ಆ ಸೊಪ್ಪು ಮೂಸಿ ಮುಖ ತಿರುಗಿಸಿತು. ಪಕ್ಕದ ಅಕ್ಕ ನಗುತ್ತಲೇ ಹಸಿ ಹುಲ್ಲು ತಂದು, ಬೈಹುಲ್ಲಿಗೆ ಬೆರೆಸಿ, ಒಂದು ಹಿಡಿ ಹಿಂಡಿ ಉದುರಿಸಿದಳು. ತಿಂದಿತು. ದೀಪ ಹಚ್ಚುವ ಹೊತ್ತಿಗೆ ಮಲಗಿ ಮೆಲುಕು ಹಾಕಿತು. ಎಂತದರಿಂದ ಸರಿಯಾಯಿತು ಎಂದು ನನಗೆ ಈಗಲೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಪೆರ್ಡೂರಿನ ಗಾಡಿ ಬಂತು. ಅಷ್ಟು ದೂರದಿಂದ ಬಂದದ್ದು ಖಾಲಿ ಹೋಗುವುದು ಚಂದವಲ್ಲ. ಮಗಳು ಆಡು ಸಾಕಿದ್ದಾಳೆ. ದನ ಕಟ್ಟಲಿಕ್ಕೆ ಡ್ರೈವರ್ ತಂದ ಹಗ್ಗದಲ್ಲಿ ಹಲಸಿನ ಸೊಪ್ಪು ಬಿಗಿದು ಕಳುಹಿಸಿದೆ.