ಬಿಡ್ತು ಅನ್ನುವ ವಿದ್ಯೆ

ಹೆದರಿಕೊಳ್ಳುವುದಕ್ಕೂ ಪಾಠ ಹೇಳಿಸಿಕೊಳ್ಳಬೇಕು ಎಂದು ಯಾರಾದರೂ ಹೇಳಿದ್ದರೆ, ನಲವತ್ತು ದಾಟುವವರೆಗೆ ನಾನು ನಂಬುತ್ತಿರಲಿಲ್ಲ. ಆ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲು ಉಕ್ಕಿದರೆ ಒಲೆ ಆರೀತು, ಉಕ್ಕದಿದ್ದರೆ ಒಡೆದೇ ಹೋಗಿದ್ದೀತು ಎಂದು ಎರಡು ಕಡೆಯಿಂದಲೂ ಹೆದರಬಲ್ಲೆ. ರೈಲು ತಡವಾದರೆ ಎಲ್ಲೋ ಹಳಿ ತಪ್ಪಿದೆ. ಹೊತ್ತಿಗೆ ಸರಿಯಾಗಿ ಬಂದರೆ ಇದು ನಿನ್ನೆ ಬರಬೇಕಾಗಿದ್ದ ರೈಲು. ಮಂಡ್ಯದ ಗುತ್ತಲಿನ ನಮ್ಮ ಮನೆಯ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ಕೊನೆಯವರೆಗೆ ಹೋಗಿ, ಮತ್ತೆ ಬಂದು ಎಳೆಯುತ್ತಿರುವಾಗ ಒಳಗಿನಿಂದ ನನ್ನ ಹೆಂಡತಿ, "ರೀ, ನಾನಿನ್ನೂ ಒಳಗೇ ಇದ್ದೀನಿ!" ಎಂದು ಕೂಗಿದ್ದೂ ಉಂಟು.

ಇಂಥವನನ್ನು ನಾಲೆಯ ಕೆಲಸಕ್ಕೆ ಓವರ್‌ಸೀಯರ್ ಮಾಡಿದ್ದರು. ಆಗ ಯುದ್ಧದ ಕಾಲ. ಮಳವಳ್ಳಿ ಕಡೆಗೆ ಹೊಸದೊಂದು ಕವಲು ನಾಲೆ ತೆಗೆಯುತ್ತಿದ್ದೆವು. ಸಿಮೆಂಟು ಬಂದರೆ ಕಬ್ಬಿಣ ಬಂದಿರುತ್ತಿರಲಿಲ್ಲ, ಕಬ್ಬಿಣ ಬಂದ ದಿನ ಆಳುಗಳೆಲ್ಲ ರಾಗಿ ಕೊಯ್ಯಲು ಹೋಗಿರುತ್ತಿದ್ದರು, ಎರಡೂ ಕೂಡಿದ ದಿನ ಮಳೆ. ಇದನ್ನು ನೋಡಿ ನೋಡಿ ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರು, ವಿಲಾಯಿತಿ ಸೀಮೆಗೆ ಹೋಗಿ ಓದಿಕೊಂಡು ಬಂದವರು, "ಇಷ್ಟು ಸಿಕ್ಕುಸಿಕ್ಕಾದ ಕೆಲಸಕ್ಕೆ ಗುದ್ದಲಿ ಸಾಲದು ಕಣಯ್ಯ. ನಾಳೆ ಬರುವ ಅಪಾಯವನ್ನು ಇವತ್ತೇ ಕಂಡು ಅದಕ್ಕೆ ತಡೆ ಹಾಕುವ ಶಾಸ್ತ್ರ ಬೇಕು" ಎಂದು ಹೇಳಿ, ಮದ್ದೂರಿನ ಬಂಗಲೆಯಲ್ಲಿ ಶನಿವಾರದ ಪಾಠ ಇಟ್ಟರು. ನನಗೆ ಒಳಗೊಳಗೇ ಹೆಮ್ಮೆ. ಉಳಿದ ಓವರ್‌ಸೀಯರುಗಳು ಅ ಆ ಇ ಈಯಿಂದ ಶುರು ಮಾಡಬೇಕು, ನಾನು ಈ ಶಾಸ್ತ್ರದಲ್ಲಿ ಪಂಡಿತನಾಗಿಯೇ ಹೋಗುತ್ತಿದ್ದೇನೆ ಎಂದುಕೊಂಡೆ.

ಮೊದಲನೆಯ ದಿನ ಸಾಹೇಬರು ಕಪ್ಪು ಹಲಗೆಯ ಮೇಲೆ ನಮ್ಮ ನಾಲೆಯನ್ನು ಬರೆದು, ಅದರ ಕೊನೆಯ ತೂಬನ್ನು ಬೆತ್ತದಿಂದ ತಟ್ಟಿ ಕೇಳಿದರು: "ಇಲ್ಲಿ ಏನೇನು ಕೆಡಬಹುದು? ಹೇಳಿ." "ಎಲ್ಲಾ ಒಳ್ಳೇದೇ ಆಗುತ್ತೆ ಸಾರ್" ಎಂದರು ಒಬ್ಬರು. ನಾನು ಎದ್ದು ನಿಂತೆ. "ಏರಿ ಒಡೆದು ಕೆಳಗಿನ ಕೊಪ್ಪಲು ಕೊಚ್ಚಿಕೊಂಡು ಹೋಗಬಹುದು ಸಾರ್."

"ಬುಡ್ತು ಅನ್ನಿ ಸ್ವಾಮಿ!" ಎಂದು ಜಗಲಿಯಿಂದ ಗುಡುಗಿದ ಹಾಗಾಯಿತು. ನನ್ನ ಜೊತೆಗೆ ಬಂದಿದ್ದ ನೀರುಗಂಟಿ ಬೋರೇಗೌಡ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಅವನ ಮನೆಯೂ ಆ ಕೊಪ್ಪಲಿನಲ್ಲೇ.

"ಏನದು?" ಎಂದರು ಸಾಹೇಬರು.

"ಕೆಟ್ ಮಾತ ಆಡ್ಬುಟ್ರಲ್ಲ ಬುದ್ಧಿ. ಅಸ್ತು ದ್ಯಾವ್ರುಗೋಳು ಮ್ಯಾಲೇ ತಿರುಗ್ತಿರ್ತವೆ, ಅಂಗೇ ಆಗ್ಲಿ ಅಂದ್ಬುಟ್ರೆ? ನಮ್ ಎಮ್ಮೆ ಕರ ಎಲ್ಲಾ ಅಲ್ಲೇ ಅವೆ. ಬುಡ್ತು ಅನ್ನಿಸ್ಬುಡಿ."

ಸಾಹೇಬರು ಸೀಮೆಯಲ್ಲಿ ಓದಿದ್ದರೂ ತಾಯಿ ಇಲ್ಲಿಯವರೇ ಇರಬೇಕು. ಒಂದು ಗಳಿಗೆ ಗಡ್ಡ ಕೆರೆದುಕೊಂಡು, "ಸರಿ, ಅಪಾಯ ಹೇಳಿ, ಬಿಡ್ತು ಅನ್ನಿ, ಮುಂದಕ್ಕೆ ಹೋಗಿ" ಎಂದರು. ಅಷ್ಟು ಅಪ್ಪಣೆ ಸಿಕ್ಕಿದ್ದೇ ತಡ, ಬಂಗಲೆಗೆ ಬಂಗಲೆಯೇ ಬಾಯಿ ಬಿಟ್ಟಿತು. ಏರಿಯಲ್ಲಿ ಏಡಿ ಬಿಲ ಕೊರೆಯಬಹುದು, ಬಿಡ್ತು. ಕಲ್ಲುಕೆಲಸ ಬಿರುಕು ಬಿಡಬಹುದು, ಬಿಡ್ತು. ಮೇಸ್ತ್ರಿಗೆ ವಾಂತಿಭೇದಿಯಾಗಬಹುದು, ಬಿಡ್ತು. ಯಾರೋ ಒಬ್ಬರು ಉತ್ಸಾಹದಲ್ಲಿ ಸಾಹೇಬರ ಕಾರು ನಾಲೆಗೆ ಮಗುಚಬಹುದು ಎಂದಾಗ, ಎಲ್ಲರಿಗಿಂತ ಮೊದಲು ಬಿಡ್ತು ಅಂದವರು ಸಾಹೇಬರೇ.

ಮುಂದಿನ ಶನಿವಾರಗಳಲ್ಲಿ ಒಂದೊಂದು ಅಪಾಯಕ್ಕೂ ಒಂದೊಂದು ಉಪಾಯ ಹೂಡುವುದನ್ನು ಹೇಳಿಕೊಟ್ಟರು. ನನ್ನ ಪಾಲಿಗೆ ಬಂದ ಅಪಾಯ ಹೀಗಿತ್ತು. ನಾಲೆಗೆ ಮೊದಲ ಸಲ ನೀರು ಬಿಡುವ ದಿನ ಆ ಕೊನೆಯ ತೂಬಿನ ಬಾಗಿಲು ಎತ್ತಿದರೆ ನೀರು ಮುಂದಿನ ಗದ್ದೆಗಳಿಗೆ ಹೋಗುತ್ತದೆ. ಎತ್ತದಿದ್ದರೆ ಅಲ್ಲೇ ನಿಂತು ಹಸಿ ಮಣ್ಣಿನ ಏರಿಯ ಮೇಲೆ ಏರುತ್ತದೆ. ಬಾಗಿಲನ್ನು ಎತ್ತುವ ಕಬ್ಬಿಣದ ತಿರುಗುಹಿಡಿ ಇದ್ದದ್ದು ಒಂದೇ. ಯುದ್ಧದ ದೆಸೆಯಿಂದ ಇನ್ನೊಂದು ಬಂದಿರಲಿಲ್ಲ. ಅದನ್ನು ಯಾರಾದರೂ ಹಾರಿಸಿಬಿಟ್ಟರೆ? ಬಿಡ್ತು. ಅದಕ್ಕೆ ನನ್ನ ಉಪಾಯ: ಹಿಡಿಯನ್ನು ಮಂಡ್ಯಕ್ಕೆ ತಂದು ನಮ್ಮ ದೇವರ ಮನೆಯಲ್ಲಿ ಪಟಗಳ ಹಿಂದೆ ಇಟ್ಟದ್ದು. ಸಾಹೇಬರು ತಲೆದೂಗಿದರು. ಕೊನೆಯ ಶನಿವಾರ, "ಇದು ಮೇಲ್ತರಗತಿಯ ಪಾಠ, ಗಮನ ಕೊಡಿ" ಎಂದು ಅವರು ಏನೋ ಹೇಳಿದರು. ಆಗ ನನ್ನ ಕಿವಿ ರೈಲಿನ ಶಿಳ್ಳಿನ ಕಡೆಗಿತ್ತು. ರೈಲು ತಪ್ಪಿದರೆ ಎಂಬ ಹೆದರಿಕೆಯಲ್ಲಿ ಆ ಪಾಠವೇ ನನಗೆ ತಪ್ಪಿತು.

ನೀರು ಬಿಡುವ ದಿನ ಬಂತು. ಹಿಂದಿನ ದಿನವೇ ಮನೆಯಲ್ಲಿ ಕಟ್ಟಪ್ಪಣೆ ಹೊರಡಿಸಿದ್ದೆ: "ನಾಳೆ ನಾನು ಹೊಸ್ತಿಲು ದಾಟಿದ ಮೇಲೆ ಎಲ್ಲಿಗೆ ಅಂತ ಕೇಳಕೂಡದು. ಏನೇ ಆದರೂ ಹಿಂದಿನಿಂದ ಕರೆಯಕೂಡದು." ನನ್ನ ಹೆಂಡತಿ, "ಮನೆಗೆ ಬೆಂಕಿ ಬಿದ್ದರೂ?" ಎಂದಳು. "ಬಿಡ್ತು ಅನ್ನು. ಬಿದ್ದರೂ ಕರೆಯಬೇಡ" ಎಂದೆ. ಜನಸಂದಣಿಯಲ್ಲಿ ಕನ್ನಡಕ ಒಡೆದೀತೆಂದು ಅದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿ, ಬಲಗಾಲಿಟ್ಟು ಹೊರಟೆ. ಬೀದಿಯ ತಿರುವಿನಲ್ಲಿ ಯಾರೋ ಹೆಂಗಸು ಕೈಯಲ್ಲಿ ಉದ್ದನೆಯದೇನನ್ನೋ ಹಿಡಿದುಕೊಂಡು ಧಾವಿಸಿ ಎದುರಿಗೆ ಬರುತ್ತಿದ್ದಳು. ಸೌದೆಯೇ ಇರಬೇಕು. ಇಂಥ ದಿನ ಸೌದೆ ಎದುರಾಗುವುದೇ! ತಟ್ಟನೆ ಪಕ್ಕದ ಬೀದಿಗೆ ತಿರುಗಿ, ಗಂಡಾಂತರ ತಪ್ಪಿಸಿಕೊಂಡೆನಲ್ಲ ಎಂದು ಬೀಗುತ್ತಾ ರೈಲು ಹತ್ತಿದೆ.

ಮದ್ದೂರಿನಲ್ಲಿ ಇಳಿದು, ಪೆಟ್ರೋಲಿಗೆ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತಾ ನಾಲೆಗೆ ಹೋದಾಗ ಕೊಪ್ಪಲಿಗೆ ಕೊಪ್ಪಲೇ ಏರಿಯ ಮೇಲಿತ್ತು. ಅರಿಸಿನ ಕುಂಕುಮ, ಬಾಳೆಕಂದು, ತಮಟೆ. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಸರಸರ ಸದ್ದು ಕೇಳಿಸಿತು. ಒಣಗಿದೆಲೆ, ಹುಲ್ಲು, ನೊರೆಯನ್ನು ಮುಂದೆ ದೂಡಿಕೊಂಡು ಕೆಂಪು ನೀರು ಬಂತು. ಹೆಂಗಸರು ಕೈ ಮುಗಿದರು. ಸಾಹೇಬರು ನನ್ನ ಕಡೆ ತಿರುಗಿ, "ಹಿಡಿ ಕೊಡಿ" ಎಂದರು.

ಚೀಲಕ್ಕೆ ಕೈ ಹಾಕಿದೆ. ಕನ್ನಡಕದ ಡಬ್ಬಿ ಸಿಕ್ಕಿತು. ಹೊಟ್ಟೆನೋವಿನ ಮಾತ್ರೆ ಸಿಕ್ಕಿತು. ಹಿಡಿ ದೇವರ ಮನೆಯಲ್ಲಿ, ಪಟಗಳ ಹಿಂದೆ, ಅತ್ಯಂತ ಭದ್ರವಾಗಿತ್ತು.

ನೀರು ತೂಬಿಗೆ ಬಂದು ಮೂತಿ ತಗುಲಿಸಿ ನಿಂತಿತು. ನಿಂತು, ಸದ್ದಿಲ್ಲದೆ ಏರತೊಡಗಿತು. ಬೋರೇಗೌಡ ಹಾರೆ ತಂದು ಬಾಗಿಲೆತ್ತುವ ತಿರುಪಿಗೆ ಕೊಟ್ಟು ನೂಕಿದ, ಹಾರೆ ಜಾರಿತು. ಇನ್ನಿಬ್ಬರು ಸೇರಿ ನೂಕಿದರು, ಮತ್ತೆ ಜಾರಿತು. ನಾಲೆಯ ಮೇಲಿನ ತೂಬಿನಲ್ಲಿ ನೀರು ನಿಲ್ಲಿಸಲು ಸಾಹೇಬರು ಕಾರು ಕಳಿಸಿದರು, ಆದರೆ ಕಾರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಬರುವ ನೀರೆಲ್ಲ ಬಂದಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ತಮಟೆ ನಿಂತಿತು. ಏರಿಯ ಬುಡದಲ್ಲಿ ಅಂಗೈಯಗಲದ ತೇವ ಕಾಣಿಸಿತು. ನೋಡುತ್ತಿದ್ದ ಹಾಗೆಯೇ ಅದು ಮೊರದಗಲವಾಯಿತು. ಅದರಾಚೆ ಹುಲ್ಲಿನ ಬಣವೆ, ಕಟ್ಟಿದ ಎಮ್ಮೆ, ಸೋಗೆ ಮನೆಗಳು.

ಬೋರೇಗೌಡನ ತಾಯಿ ಕೆಂಪವ್ವ ಏರಿಯ ಕೆಳಗಿನಿಂದ ನನ್ನನ್ನೇ ನೋಡುತ್ತಾ ಕೇಳಿದಳು: "ಓವರ್ಸೀರಪ್ಪ, ಬಾಯ್ ಬುಟ್ಟು ಏಳಪ್ಪ. ಏನಾಯ್ತದೆ? ಕೂಸು ತೊಟ್ಲಲ್ಲಿ ಮಲಗದೆ. ಎಬ್ಬುಸ್ಲೋ ಬ್ಯಾಡ್ವೋ?"

ಹುಟ್ಟಿದಂದಿನಿಂದ ಕಂಡಕಂಡದ್ದಕ್ಕೆಲ್ಲ ಕೆಟ್ಟದ್ದನ್ನು ನುಡಿಯುತ್ತಾ ಬಂದವನಿಗೆ ಆಗ ನಾಲಗೆ ಏಳಲೊಲ್ಲದು. ಕಷ್ಟಪಟ್ಟು ಹೇಳಿದೆ: "ಏರಿ ಒಡೆಯಬಹುದು ತಾಯಿ. ಕೂಸು ಎತ್ತಿಕೋ. ಎಮ್ಮೆ ಬಿಚ್ಚಿ. ಎಲ್ಲರೂ ದಿಣ್ಣೆ ಹತ್ತಿ."

ಬಿಡ್ತು ಅನ್ನಿ ಎಂದು ಯಾರಾದರೂ ಗದರುತ್ತಾರೆಂದು ಕಾದೆ. ಯಾರೂ ಗದರಲಿಲ್ಲ. ಬೋರೇಗೌಡ ಮತ್ತೆ ಹಾರೆಯನ್ನು ತಿರುಪಿಗೆ ಕೊಟ್ಟ. ನನಗೆ ನಿಜವಾದ ಹೆದರಿಕೆ ಹೇಗಿರುತ್ತದೆ ಎಂದು ಗೊತ್ತಾದದ್ದು ಆಗಲೇ. ಅಲ್ಲಿಯವರೆಗಿನದೆಲ್ಲ ಬರೀ ಚಪಲ.

ಕೆಂಪವ್ವ ಕೂಸನ್ನೆತ್ತಿಕೊಂಡು ದಿಣ್ಣೆ ಹತ್ತುತ್ತಿರುವಾಗ ರಸ್ತೆಯ ಕಡೆ ಧೂಳು, ಹೊಗೆ. ಬಸ್ಸೊಂದು ಕೆಮ್ಮಿ ನಿಂತಿತು. ಇದ್ದಿಲ ಮಸಿ ಮೆತ್ತಿದ ಮುಖದ ಹೆಂಗಸೊಬ್ಬಳು ಇಳಿದು, ಸೀರೆ ಎತ್ತಿ ಕಟ್ಟಿ, ಗದ್ದೆಯ ಬದುವಿನ ಮೇಲೆ ಓಡಿ ಬಂದಳು. ಕೈಯಲ್ಲಿ ಉದ್ದನೆಯದೇನೋ ಇತ್ತು. ಈ ಸಲ ನಾನು ಪಕ್ಕಕ್ಕೆ ತಿರುಗಲಿಲ್ಲ. ಬೋರೇಗೌಡ ಅದನ್ನು ಕಿತ್ತುಕೊಂಡ ಹಾಗೆಯೇ ತಿರುಪಿಗೆ ಸಿಕ್ಕಿಸಿ ತಿರುಗಿಸಿದ. ಬಾಗಿಲು ಕಿರುಗುಟ್ಟಿತು, ಅಲುಗಿತು, ಎದ್ದಿತು. ನೀರು ಬುಸುಗುಟ್ಟಿಕೊಂಡು ಗದ್ದೆಗಳ ಕಡೆ ನುಗ್ಗಿತು. ಏರಿಯ ತೇವ ಅಲ್ಲಿಗೇ ನಿಂತಿತು.

"ಈಗ ಅನ್ನು ಓವರ್ಸೀರಪ್ಪ," ಎಂದು ದಿಣ್ಣೆಯ ಮೇಲಿನಿಂದ ಕೆಂಪವ್ವ ಕೂಗಿದಳು, "ಬುಡ್ತು ಅನ್ನು!"

ಸಾಹೇಬರು ನನ್ನ ಹೆಂಡತಿಗೆ ಕೈ ಮುಗಿದು, "ಅಲ್ಲ ತಾಯಿ, ಹೊರಡುವಾಗಲೇ ಕೂಗಿ ಕೊಡಬಾರದಾಗಿತ್ತೆ?" ಎಂದರು.

"ಕರೀಬೇಡ ಅಂದಿದ್ರು. ದೇವರ ದೀಪ ಹಚ್ಚೋಕೆ ಹೋದಾಗ ಹಿಡಿ ಕಂಡೆ, ಅಷ್ಟರಲ್ಲಿ ಇವರು ಹೊಸ್ತಿಲು ದಾಟಿ ಆಗಿತ್ತು. ಹಿಂದಿನಿಂದ ಕರೆಯೋ ಹಾಗಿಲ್ಲವಲ್ಲ, ಅದಕ್ಕೇ ಹಿತ್ತಲ ಓಣಿಯಲ್ಲಿ ಓಡಿ ಎದುರಿಗೇ ಬಂದೆ. ಈ ಮಹರಾಯರು ನನ್ನನ್ನ ನೋಡಿ ಮುಖ ತಿರುಗಿಸಿಕೊಂಡು ಇನ್ನೊಂದು ಬೀದಿಗೆ ಹೋಗಿಬಿಟ್ರು!"

ಏರಿಯ ಮೇಲೆ ಎದ್ದ ನಗು ಮಳವಳ್ಳಿಗೂ ಕೇಳಿಸಿರಬೇಕು. ಸಾಹೇಬರು ಮಾತ್ರ ನಗದೆ ನನ್ನ ಹತ್ತಿರ ಬಂದು ಮೆಲ್ಲಗೆ, "ಕೊನೆಯ ಶನಿವಾರ ನಾನು ಹೇಳಿದ್ದೂ ಇದನ್ನೇ ಅಲ್ಲವೇನಯ್ಯ? ಅಪಾಯಕ್ಕೆ ಹೂಡಿದ ಉಪಾಯವೇ ಮುಂದೆ ಅಪಾಯವಾದೀತು, ಅದರ ಮೇಲೂ ಒಂದು ಕಣ್ಣಿಡಿ ಅಂತ" ಎಂದರು. ನಾನು ಪಾಠ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಟು ಹೊಸ್ತಿಲು ದಾಟಿದ್ದೆ. ಹಿಂದಿನಿಂದ, "ರೀ!" ತಿರುಗಿ, "ಏನೇ?" ಎಂದೆ. "ಏನಿಲ್ಲ. ಏನಾದರೂ ಮರೆತಿದ್ದೀರೇನೋ ಅಂತ ಕರೆದು ನೋಡಿದೆ" ಎಂದಳು. ಶಾಸ್ತ್ರದ ಪ್ರಕಾರ ಒಳಗೆ ಬಂದು, ಕೂತು, ನೀರು ಕುಡಿದು ಎದ್ದಾಗ ಕಾಲು ನೋಡಿಕೊಂಡೆ. ಜೋಡು ಹಾಕಿರಲಿಲ್ಲ. ಅಂದಿನಿಂದ ಅವಳು ದಿನವೂ ಕರೆಯುತ್ತಾಳೆ, ನಾನೂ ದಿನವೂ ಬಂದು ನೀರು ಕುಡಿಯುತ್ತೇನೆ. ಎಂದಾದರೊಂದು ದಿನ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಕರೆಯುವುದನ್ನು ಮರೆತರೆ, ನಾನು ಬೀದಿಯ ತಿರುವಿನವರೆಗೆ ಹೋಗಿ, ಮುಂದಕ್ಕೆ ಕಾಲೇ ಬಾರದೆ, ಕನ್ನಡಕ ಹಾಕಿಕೊಂಡು ಅಲ್ಲೇ ನಿಂತಿರುತ್ತೇನೆ, ಯಾರಾದರೂ ಸೌದೆ ಹಿಡಿದು ಎದುರಿಗೆ ಓಡಿ ಬರುತ್ತಾರೇನೋ ಎಂದು.