ಹಾಲಲ್ಲಿ ಓಡುವ ಕಂಪ್ಯೂಟರ್

ನಿರ್ಧಾರ ಮಾಡುವುದರಲ್ಲಿ ನಾನು ಬಹಳ ನಿಧಾನ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಪ್ಪಲಿ ಕೊಳ್ಳಲು ಹೋದರೆ ಹೊಸ ಜೋಡಿ ಮೆಟ್ಟಿಕೊಂಡು ಅಂಗಡಿಯೊಳಗೇ ಗಾಂಧಿಬಜಾರಿಗೆ ಹೋಗಿಬರುವಷ್ಟು ನಡೆದು, ಕೊನೆಗೆ ಹಳೆಯದನ್ನೇ ಹೊಲಿಸಿಕೊಂಡು ಮನೆಗೆ ಬರುವವನು ನಾನು. ನನ್ನ ಪಾಲಿಗೆ ಬಂದ ಕಂಪ್ಯೂಟರೂ ಅದೇ ಸ್ವಭಾವದ್ದು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ ಬಂದರೆ ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ.

ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸಿಕೊಡುವುದು ನನ್ನ ಕಸುಬು. ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಪತ್ರಿಕೆ ಮಾಡಿಸಲು ಯಾರೂ ಒಬ್ಬರೇ ಬರುವುದಿಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಬಂದು ನನ್ನ ಬೆನ್ನ ಹಿಂದೆ ಕೂರುತ್ತಾರೆ. ಪುಟ ತೆರೆಯುವಷ್ಟರಲ್ಲಿ ಒಂದು ಸುತ್ತು ಕಾಫಿ, ಗಣಪತಿಯ ಚಿತ್ರ ಮೂಡುವಷ್ಟರಲ್ಲಿ ಇನ್ನೊಂದು ಸುತ್ತು. ಮಾಡಿಕೊಡಬೇಕಾದವಳು ನನ್ನ ಹೆಂಡತಿ ಸುಮಿತ್ರ.

"ಎಲ್ಲರ ಕಂಪ್ಯೂಟರ್ ಕರೆಂಟಲ್ಲಿ ಓಡತ್ತೆ, ನಿಮ್ಮದು ಹಾಲಲ್ಲಿ ಓಡ್ತಿದೆ," ಎಂದಳು ಒಂದು ದಿನ. "ಪ್ರೊಸೆಸರ್ ಬದಲಾಯಿಸ್ತೀರೋ, ಮನೆ ಮುಂದೆ ಹಸು ಕಟ್ತೀರೋ, ಯೋಚನೆ ಮಾಡಿ."

ಯೋಚನೆ ಮಾಡು ಎಂದು ನನಗೆ ಹೇಳಲೇಬಾರದು. ಹೊಸ ಪ್ರೊಸೆಸರಿಗೂ ಹಳೆಯ ಬೋರ್ಡಿಗೂ ಹೊಂದಾಣಿಕೆ ಆಗದಿದ್ದರೆ? ನನ್ನ ಹಳೆಯ ಫಾಂಟುಗಳು ಮುನಿಸಿಕೊಂಡರೆ? ಸೊಪ್ಪಿನವರನ್ನೂ ಬಿಡದೆ ಅಭಿಪ್ರಾಯ ಕೇಳಿದೆ. ಕೊನೆಗೆ ರಿಪೇರಿಯ ನಾಗೇಶನಿಗೇ ಸಾಕಾಯಿತು. "ಸಾರ್, ನೀವು ಯೋಚನೆ ಮುಗಿಸೋದ್ರೊಳಗೆ ಹೊಸದೂ ಹಳೇದಾಗೋಗತ್ತೆ. ಇದೇ ಬೋರ್ಡಿಗೆ ಕೂರೋ ದೊಡ್ಡ ಪ್ರೊಸೆಸರ್ ನನ್ಹತ್ರ ಒಂದಿದೆ. ಒಂದ್ವಾರ ಹಾಕಿರ್ತೀನಿ. ಬೇಡ ಅಂದ್ರೆ ಬಿಚ್ಕೊಂಡ್ ಹೋಗ್ತೀನಿ," ಎಂದ. ಮತ್ತೆ ಯೋಚಿಸಲು ನನಗೆ ಅವಕಾಶ ಕೊಡದೆ ಸ್ಕ್ರೂಡ್ರೈವರ್ ತೆಗೆದೇಬಿಟ್ಟ.

ಆ ವಾರ ಮೊದಲು ಬಂದ ಗಿರಾಕಿ ಸುಮಿತ್ರಳ ತಮ್ಮ ರವಿ. ಮಗಳ ಮದುವೆ ಗೊತ್ತಾಗಿತ್ತು. ಅವನು ಪಟ್ಟಿ ಕೊಟ್ಟು, ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಪುಟ ತೆರೆದುಕೊಂಡಿತ್ತು. ನಾನು ಟಕಟಕನೆ ಹೆಸರುಗಳನ್ನು ಹೊಡೆದೆ. ಗಣಪತಿ ಕರೆದ ತಕ್ಷಣ ಬಂದ. "ಏನ್ ಭಾವ, ಇಷ್ಟು ಬೇಗ," ಎಂದು ರವಿ ಬೆರಗಾದರೆ ನಾನು ಪುಟವನ್ನು ಸುಮ್ಮನೆ ಮೇಲೆ ಕೆಳಗೆ ಓಡಿಸಿ ತೋರಿಸಿದೆ. ಒಲೆಯ ಮೇಲೆ ಆಗತಾನೆ ಹಾಲಿಟ್ಟಿದ್ದ ಸುಮಿತ್ರ ಖುಷಿಯಿಂದ ಒಲೆ ಆರಿಸಿದಳು. ರವಿ ನೇರವಾಗಿ ಪ್ರೆಸ್ಸಿಗೆ ಹೋದ.

ನಾಲ್ಕು ದಿನದ ಮೇಲೆ ಮೂಲೆಗಳಿಗೆ ಅರಿಶಿನ ಹಚ್ಚಿದ ಪತ್ರಿಕೆ ಹಿಡಿದುಕೊಂಡು ರವಿ ಬಂದ. ಸುಮಿತ್ರ ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದಳು. ದೊಡ್ಡಪ್ಪಂದಿರಿದ್ದರು, ಚಿಕ್ಕಪ್ಪಂದಿರಿದ್ದರು, ಗವಿಪುರದ ಕಡೆಯ ಆರು ತಿಂಗಳ ಕೂಸೂ ಇತ್ತು. ಹುಡುಗಿಯ ಸೋದರತ್ತೆಯಾದ ಅವಳಿರಲಿಲ್ಲ. ನಾನೂ ಇರಲಿಲ್ಲ.

"ನಿಮ್ಮ ಹೆಸರು ಹೇಗೂ ಭಾವನೇ ಹಾಕ್ಕೋತಾರೆ ಅಂತ ಪಟ್ಟೀಲಿ ಬರೀಲಿಲ್ಲ ಅಕ್ಕ," ಎಂದು ರವಿ ತೊದಲಿದ.

"ಅವನು ಹೇಳದೆ ನನ್ನ ಹೆಸರು ನಾನೇ ಹೇಗೆ ಹಾಕ್ಕೊಳ್ಲಿ?" ಎಂದೆ ನಾನು. ಸುಳ್ಳು. ವೇಗದ ಅಮಲಿನಲ್ಲಿ ಆ ಪಟ್ಟಿಯನ್ನು ಒಂದು ಸಲವೂ ಮನಸ್ಸಿಟ್ಟು ಓದಿರಲಿಲ್ಲ. ಹಳೆಯ ಪ್ರೊಸೆಸರಿನ ಕಾಲದಲ್ಲಿ ಎರಡನೇ ಲೋಟ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು, "ಅಯ್ಯೋ, ಶ್ರೀರಾಂಪುರದ ಅತ್ತೆ ಬಿಟ್ಟೋದ್ರಲ್ಲ," ಎನ್ನುತ್ತಿದ್ದರು. ಎಷ್ಟು ಮನೆಗಳ ಮುನಿಸು ಆ ಕಾಫಿಯಲ್ಲೇ ತಪ್ಪಿತ್ತೋ ನನಗೆ ಆಗ ಹೊಳೆಯಿತು.

"ಅರಿಶಿನ ಹಚ್ಚೋಕೆ ಸೋದರತ್ತೆ ಬೇಕು, ಪತ್ರಿಕೆಗೆ ಬೇಡ್ವಾ?" ಎನ್ನುವಾಗ ಸುಮಿತ್ರಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳೇ ನಾಗೇಶನಿಗೆ ಫೋನ್ ಮಾಡಿದಳು. "ಹಳೇದನ್ನೇ ಹಾಕ್ಕೊಟ್ಬಿಡಿ. ಹಾಲು ನಾನು ತರಿಸ್ಕೋತೀನಿ."

ಮರುದಿನ ಪತ್ರಿಕೆ ತಿದ್ದಲು ಕೂತೆವು. ಪುಟ ತೆರೆಯುವಷ್ಟರಲ್ಲಿ ರವಿಗೆ ಬಿಟ್ಟುಹೋಗಿದ್ದ ಇನ್ನಿಬ್ಬರು ನೆನಪಾದರು. ಸುಮಿತ್ರಳ ಹೆಸರನ್ನು ಎಲ್ಲರಿಗಿಂತ ಮೊದಲು ಕೂರಿಸಿ, ನನ್ನದನ್ನು ಹೊಡೆಯಲು ಕೈ ಎತ್ತಿದೆ.

"ಸ್ವಲ್ಪ ತಡೀರಿ," ಎಂದಳು, ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ. "ನಿಮ್ಮ ಹೆಸರು ಹಾಕ್ಬೇಕೋ ಬೇಡ್ವೋ, ಇನ್ನೊಂದು ಕಾಫಿ ಕುಡಿದು ಯೋಚನೆ ಮಾಡ್ತೀನಿ."